ಪದಚರ್ಚೆ: ಕಡಲಮೀನಿನ ತೊಟ್ಟಿಯ ಮಟ್ಟಿಗೆ ‘ಉಪ್ಪು ನೀರು’, ‘ಸಿಹಿ ನೀರು’ ಎಂದರೆ ಯಾವ ನೀರು?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಕಡಲಮೀನುಗಳ ಗಾಜಿನ ತೊಟ್ಟಿ ಇಟ್ಟುಕೊಂಡಿರುವ ಮೈಸೂರು, ಮಂಡ್ಯ ಕಡೆಯ ಕೆಲವು ಗೆಳೆಯರಿಗಾಗಿ, ತೊಟ್ಟಿಯ ನೀರಿನ ಉಪ್ಪನ್ನು ಅಪಾಯವಿಲ್ಲದೆ ಏರಿಸುವ ಮತ್ತು ಇಳಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಲವಣತೆ’ ಎಂಬ ಪದದ ಬಗ್ಗೆ ನನಗೆ ತಕರಾರಿಲ್ಲ. ಭೂಗೋಳ ಓದಿದವರಿಗೆ ಅದು ತಿಳಿಯುತ್ತದೆ, ಉಳಿದವರಿಗೆ ‘ಉಪ್ಪಿನಂಶ’ ಎಂದರೆ ಸಾಕು. ತೊಡಕು ಬಂದಿರುವುದು ಎಲ್ಲರಿಗೂ ಚೆನ್ನಾಗಿ ಗೊತ್ತಿರುವ ‘ಉಪ್ಪು ನೀರು’ ಮತ್ತು ‘ಸಿಹಿ ನೀರು’ ಎಂಬ ಎರಡು ಮಾತುಗಳಲ್ಲಿ.

ನಮ್ಮ ಕಡೆ ‘ಉಪ್ಪು ನೀರು’ ಎಂದರೆ ಬೋರ್‌ವೆಲ್ಲಿನ ಗಡಸು ನೀರು: ಸೋಪು ನೊರೆ ಕಟ್ಟದ, ಬೇಳೆ ಬೇಗ ಬೇಯದ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಕರೆ ಉಳಿಸುವ ನೀರು. ‘ಸಿಹಿ ನೀರು’ ಎಂದರೆ ನಲ್ಲಿಯಲ್ಲಿ ಬರುವ ಕಾವೇರಿ ನೀರು. ಹೀಗಿರುವಾಗ ‘ತೊಟ್ಟಿಗೆ ಸಿಹಿ ನೀರು ತುಂಬಿಸಿ’ ಎಂದು ಬರೆದರೆ ಓದುಗರು ನೇರವಾಗಿ ನಲ್ಲಿ ತಿರುಗಿಸುತ್ತಾರೆ. ಆ ನೀರಿನಲ್ಲಿರುವ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಅಲ್ಲಿ ಬೇಕಾಗಿರುವುದು ಆರ್‌ಓ ಯಂತ್ರದಲ್ಲಿ ಶೋಧಿಸಿದ, ಲವಣಗಳು ಬಹುಪಾಲು ಕಳೆದಿರುವ ನೀರು. ‘ಉಪ್ಪು ನೀರು’ ಎಂದು ಬರೆದರೂ ಕಷ್ಟವೇ, ಏಕೆಂದರೆ ಬೋರ್‌ವೆಲ್ ನೀರಿನ ಗಡಸುತನಕ್ಕೆ ಮುಖ್ಯ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಲೀಟರಿಗೆ ಸುಮಾರು 35 ಗ್ರಾಂ ಲವಣ ಕರಗಿರುವ ಕಡಲ ನೀರಿಗೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ.

ಹಾಗಾದರೆ ‘ಕಡಲುಪ್ಪಿನ ನೀರು’ ಎನ್ನೋಣವೆಂದರೆ ಅದೂ ಪೂರ್ತಿ ಸುರಕ್ಷಿತವಲ್ಲ. ದಿನಸಿ ಅಂಗಡಿಯ ಕಲ್ಲುಪ್ಪು ಸಹ ಕಡಲ ನೀರನ್ನು ಬಿಸಿಲಿಗೆ ಒಣಗಿಸಿ ತೆಗೆದದ್ದೇ ಆಗಿರುತ್ತದೆ, ಆದರೆ ಅದರಲ್ಲಿ ಉಳಿದಿರುವುದು ಬಹುಮಟ್ಟಿಗೆ ಸೋಡಿಯಂ ಕ್ಲೋರೈಡ್ ಮಾತ್ರ. ತೊಟ್ಟಿಗೆಂದು ಮಾರುವ ಉಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಕಾರ್ಬೊನೇಟುಗಳನ್ನು ಕಡಲಿನಲ್ಲಿರುವ ಪ್ರಮಾಣಕ್ಕೆ ಹೊಂದಿಸಿ ಸೇರಿಸಿರುತ್ತಾರೆ. ಆದ್ದರಿಂದ ಅಂಗಡಿಗಳಲ್ಲಿ ಹೇಳುವ ‘ಮರೀನ್ ಸಾಲ್ಟ್’ ಎಂಬ ಮಾತನ್ನೇ ಉಳಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಜೀವ ಹೋಗುವ ಕಡೆ ಅಚ್ಚಗನ್ನಡದ ಹಟ ಬೇಡ.

ಇನ್ನು ಕ್ರಿಯಾಪದಗಳ ಮಾತು. ‘ನೀರು ಹಾಕು’ ಎಂಬ ಒಂದೇ ಮಾತನ್ನು ನಾವು ಎರಡು ಬೇರೆ ಕೆಲಸಗಳಿಗೆ, ಎಂದರೆ ಆವಿಯಾಗಿ ಹೋದದ್ದನ್ನು ತುಂಬುವುದಕ್ಕೂ ಹಳೆಯ ನೀರನ್ನು ತೆಗೆದು ಹೊಸದನ್ನು ತುಂಬುವುದಕ್ಕೂ ಬಳಸುತ್ತೇವೆ, ಮತ್ತು ಬಹುತೇಕ ತೊಟ್ಟಿಗಳಲ್ಲಿ ಉಪ್ಪು ಏರುವುದಕ್ಕೆ ಈ ಬೆರಕೆಯೇ ದಾರಿಮಾಡುತ್ತದೆ. ತೊಟ್ಟಿಯ ನೀರು ಆವಿಯಾದಾಗ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. 100 ಲೀಟರಿನ ತೊಟ್ಟಿಯಲ್ಲಿ 2 ಲೀಟರ್ ಬತ್ತಿದೆ ಎಂದುಕೊಳ್ಳಿ. ಅದರ ಜಾಗಕ್ಕೆ ಶೋಧಿಸಿದ ನೀರು ತುಂಬಿದರೆ ಲೆಕ್ಕ ಸರಿಹೋಗುತ್ತದೆ. ಉಪ್ಪು ಬೆರೆಸಿದ ನೀರು ತುಂಬಿದರೆ 70 ಗ್ರಾಂ ಉಪ್ಪು ಹೊಸದಾಗಿ ಸೇರುತ್ತದೆ. ಐದು ಸಲ ಹೀಗೆ ಮಾಡಿದರೆ ಲೀಟರಿಗೆ 35 ಗ್ರಾಂ ಇದ್ದದ್ದು 38.5ಕ್ಕೆ ಏರುತ್ತದೆ, ಮತ್ತು ಏರಿದ್ದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ನಾನು ‘ಬತ್ತಿದ್ದಕ್ಕೆ ಶೋಧಿಸಿದ ನೀರು, ತೆಗೆದಿದ್ದಕ್ಕೆ ಉಪ್ಪು ಬೆರೆಸಿದ ನೀರು’ ಎಂದು ಬರೆದುಕೊಂಡಿದ್ದೇನೆ. ‘ಬತ್ತು’ ಎಂಬ ಪದ ಕೆರೆ, ಬಾವಿಗಳ ಸಂಗತಿಯಲ್ಲಿ ಬರುವಂತೆ ತೊಟ್ಟಿಗೂ ಒಗ್ಗುತ್ತದೆಯೇ, ಅಥವಾ ನೀರೆಲ್ಲ ಖಾಲಿಯಾಯಿತೆಂಬ ಅರ್ಥ ಕೊಡುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕು.

ಏರಿದ ಉಪ್ಪನ್ನು ತಗ್ಗಿಸುವುದಕ್ಕೆ ‘ತೆಳುಗೊಳಿಸು’, ‘ದುರ್ಬಲಗೊಳಿಸು’ ಎಂಬ ಪದಗಳನ್ನು ನೋಡಿದೆ. ಎರಡೂ ಈ ಕೆಲಸಕ್ಕೆ ಹೊಂದುವುದಿಲ್ಲ. ಉಪ್ಪಾದ ಸಾರಿಗೆ ನೀರು ಬೆರೆಸಿದ ಹಾಗೆ ಇಲ್ಲಿ ಒಂದೇ ಸಲ ನೀರು ಸುರಿಯುವಂತಿಲ್ಲ. ಮೊದಲು ತೊಟ್ಟಿಯ ನೀರನ್ನು ಒಂದಷ್ಟು ತೆಗೆದು, ಅದೇ ಅಳತೆಯ ಶೋಧಿಸಿದ ನೀರನ್ನು, ತೊಟ್ಟಿಯ ನೀರಿನಷ್ಟೇ ಬೆಚ್ಚಗೆ ಮಾಡಿಕೊಂಡು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಮೇಲೆ ಹೇಳಿದ 38.5ರಿಂದ 35ಕ್ಕೆ ಬರಲು ಒಟ್ಟು ಸುಮಾರು 9 ಲೀಟರ್ ಬದಲಾಗಬೇಕು. ದಿನಕ್ಕೆ ಎರಡೂವರೆ ಲೀಟರಿಗಿಂತ ಹೆಚ್ಚು ಬದಲಿಸದಿದ್ದರೆ ಉಪ್ಪು ದಿನಕ್ಕೆ ಸುಮಾರು 1ರಂತೆ ಇಳಿಯುತ್ತದೆ. ಮೀನುಗಳು ತಮ್ಮ ಮೈಯೊಳಗಿನ ಉಪ್ಪನ್ನು ತಕ್ಕಮಟ್ಟಿಗೆ ತಾವೇ ಹಿಡಿತದಲ್ಲಿ ಇಟ್ಟುಕೊಳ್ಳುತ್ತವೆ, ಆದರೆ ನಕ್ಷತ್ರಮೀನಿನಂಥ ಜೀವಿಗಳ ಮೈಯೊಳಗಿನ ದ್ರವ ಹೊರಗಿನ ನೀರನ್ನೇ ಅನುಸರಿಸುತ್ತದೆ. ಆತುರಕ್ಕೆ ಮೊದಲು ಬಲಿಯಾಗುವುದು ಅವೇ. ಏರಿಸುವಾಗಲೂ ಅಷ್ಟೇ. ಒಣ ಉಪ್ಪನ್ನು ತೊಟ್ಟಿಗೆ ಎಂದೂ ಸುರಿಯಬಾರದು. ಬೇರೆ ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ, ಅಳೆದು, ಬತ್ತಿದಷ್ಟರ ಜಾಗಕ್ಕೆ ಮಾತ್ರ ಅದನ್ನು ತುಂಬುತ್ತ ಬಂದರೆ ಕೆಲವು ದಿನಗಳಲ್ಲಿ ಮಟ್ಟ ಸೇರುತ್ತದೆ. ಈ ನಿಧಾನವೂ ಪದದಲ್ಲಿಯೇ ಕೇಳಿಸಬೇಕೆಂದು ‘ಉಪ್ಪು ಇಳಿಸುವುದು’, ‘ಉಪ್ಪು ಏರಿಸುವುದು’ ಎಂಬ ಜೋಡಿಯನ್ನು ಆರಿಸಿದ್ದೇನೆ.

ಅಳತೆಯ ಮಾತೊಂದು ಉಳಿದಿದೆ. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೊಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ಒಳಗೆ ಎರಡು ಸಾಲು ಅಂಕಿಗಳು ಕಾಣುತ್ತವೆ: ಒಂದು ಸಾವಿರಕ್ಕೆ ಇಷ್ಟು ಪಾಲೆಂಬ ಲೆಕ್ಕ, ಇನ್ನೊಂದು ಸಾಪೇಕ್ಷ ಸಾಂದ್ರತೆ, ಎಂದರೆ ಅಷ್ಟೇ ಅಳತೆಯ ಶುದ್ಧ ನೀರಿಗಿಂತ ಈ ನೀರು ಎಷ್ಟು ಪಟ್ಟು ಭಾರ ಎಂಬ ಲೆಕ್ಕ. ಕಡಲ ನೀರಿಗೆ ಮೊದಲನೆಯದು 35, ಎರಡನೆಯದು ಸುಮಾರು 1.026. ಬಾಯಿಮಾತಿನಲ್ಲಿ 1.025 ಎನ್ನುವುದನ್ನು ‘ಇಪ್ಪತ್ತೈದಕ್ಕೆ ಇಡಿ’ ಎಂದು ಕತ್ತರಿಸಿ ಹೇಳಿದರೆ, ಕೇಳಿದವರು ಮೊದಲ ಸಾಲಿನ 25ಕ್ಕೆ ಇಳಿಸಿಬಿಡಬಹುದು. ಅಷ್ಟು ಕಡಿಮೆ ಉಪ್ಪಿನಲ್ಲಿ ಹವಳಗಳು ಉಳಿಯುವುದು ಕಷ್ಟ. 25 ಡಿಗ್ರಿ ಶಾಖವೆಂದು ತಿಳಿಯುವುದಕ್ಕೂ ಎಡೆಯಿದೆ. ‘ಸಾಪೇಕ್ಷ ಸಾಂದ್ರತೆ’ ಎಂಬುದು ಪಠ್ಯಪುಸ್ತಕದ ಸರಿಯಾದ ಪದವೇ ಹೌದು, ಆದರೆ ಯಂತ್ರದಲ್ಲಿ ಕಣ್ಣಿಟ್ಟವರ ಬಾಯಲ್ಲಿ ಅದು ನಿಲ್ಲುವುದಿಲ್ಲ.

ಹೀಗಾಗಿ ನನ್ನ ಪ್ರಶ್ನೆಗಳು ಇವು. ಬೋರ್‌ವೆಲ್ ನೀರಿನೊಂದಿಗೆ ಗೊಂದಲವಾಗದಂತೆ ಕಡಲಮೀನಿನ ನೀರನ್ನು ಹೇಳಲು, ಕರಾವಳಿಯಲ್ಲಿ ಅಥವಾ ಮೀನು ಸಾಕುವವರ ನಡುವೆ ಬಳಕೆಯಲ್ಲಿರುವ ಮಾತು ಯಾವುದಾದರೂ ಇದೆಯೇ? ಮಂಡ್ಯದ ರೈತರು ‘ಚೌಳು’ ಎನ್ನುವುದು ಮಣ್ಣಿಗಷ್ಟೇ ಸಲ್ಲುತ್ತದೆಯೇ, ಮಿತಿಮೀರಿ ಉಪ್ಪೇರಿದ ನೀರಿಗೂ ಹೇಳುವುದುಂಟೇ? ಸಾಪೇಕ್ಷ ಸಾಂದ್ರತೆಯ ಅಂಕಿಗೆ ಬಾಯಲ್ಲಿ ನಿಲ್ಲುವ ಒಂದು ಚಿಕ್ಕ ಮಾತು ಯಾರಿಗಾದರೂ ಹೊಳೆದರೆ ದಯವಿಟ್ಟು ಬಳಕೆಯ ಉದಾಹರಣೆಯೊಂದಿಗೆ ತಿಳಿಸಿ.