ಬಿಸಿಲಿಲ್ಲದ ಅಡುಗೆಮನೆಗೆ ಎಲ್‌ಇಡಿ ಬೆಳಕು: ಮಾಡಿ ನೋಡಿದವರು ಹೇಳಿ

ಬೆಂಗಳೂರು, ಮೊದಲನೇ ಮಹಡಿ. ಎದುರುಗಡೆ ಕಟ್ಟಡ ಎದ್ದಮೇಲೆ ಬಾಲ್ಕನಿಗೆ ಬಿಸಿಲೇ ಇಲ್ಲ. ಅಡುಗೆಮನೆ ಶೆಲ್ಫಲ್ಲಿ ಕೊತ್ತಂಬರಿ, ಪುದೀನ ಬೆಳೆಸೋಣ ಅಂತಿದೀನಿ. ಗ್ರೋ ಲೈಟ್ (ಗಿಡ ಬೆಳೆಸೋ ದೀಪ) ನಾನೇ ಜೋಡಿಸೋದು. ಕೆಂಪು-ನೀಲಿ ಎಲ್‌ಇಡಿನೇ ಬೇಕಾ?

ಮೈಸೂರಿಂದ:
ಬೇಡ ಸರ್. ನಾನೂ ಮೊದಲು ಅದನ್ನೇ ತಂದಿದ್ದೆ. ಗಿಡ ಬೆಳೀತು, ಆದ್ರೆ ಆ ನೇರಳೆ ಬೆಳಕಲ್ಲಿ ಎಲೆ ಹಳದಿಯಾಗಿದ್ದು ಉದುರೋಕೆ ಶುರುವಾದ ಮೇಲೇ ಕಂಡಿದ್ದು. ಎಲೆ ಹೆಚ್ಚು ಹೀರೋದು 450, 660 ನ್ಯಾನೋಮೀಟರ್ ಆಸುಪಾಸಿನ ಬೆಳಕು, ಅಂದ್ರೆ ನೀಲಿ ಮತ್ತು ಕೆಂಪು, ಅನ್ನೋದೇನೋ ನಿಜ. ಆದ್ರೆ ಮಾಮೂಲಿ ಬಿಳಿ ಎಲ್‌ಇಡಿ ಅಂದ್ರೇನೇ ನೀಲಿ ಚಿಪ್ ಮೇಲೆ ಫಾಸ್ಫರ್ ಲೇಪ, ಒಂದಷ್ಟು ನೀಲಿಯನ್ನ ಬೇರೆ ಬಣ್ಣಕ್ಕೆ ತಿರುಗಿಸೋ ಪುಡಿ. ನೀಲಿ ಇದ್ದೇ ಇರುತ್ತೆ, ಸೊಪ್ಪಿಗೆ ಬೇಕಾದಷ್ಟು ಕೆಂಪೂ ಸಿಗುತ್ತೆ.

ನಾನು ಕೆಟ್ಟಿದ್ದು ಬೇರೆ ಕಡೆ. 5 ಮೀಟರ್ ಎಲ್‌ಇಡಿ ಸ್ಟ್ರಿಪ್ (ಅಂಟಿಸೋ ದೀಪದ ಪಟ್ಟಿ), ಮೀಟರಿಗೆ 14.4 ವ್ಯಾಟ್, ಒಟ್ಟು 72. ಮನೇಲಿದ್ದ 12 ವೋಲ್ಟ್ 5 ಆಂಪ್ ಅಡಾಪ್ಟರ್ ಸಿಕ್ಕಿಸ್ದೆ. ಅದರ ತಾಕತ್ತೇ 60 ವ್ಯಾಟ್! ಮೂರನೇ ವಾರ ಸುಟ್ಟ ವಾಸನೆ. ಈಗ 10 ಆಂಪ್ ಎಸ್‌ಎಂಪಿಎಸ್ (12 ವೋಲ್ಟ್ ಕೊಡೋ ಪವರ್ ಸಪ್ಲೈ ಡಬ್ಬಿ) ಇದೆ, ಮುಟ್ಟಿದ್ರೆ ಬೆಚ್ಚಗೂ ಇರಲ್ಲ. ಸ್ಟ್ರಿಪ್ಪನ್ನ ಪ್ಲೈವುಡ್ಡಿಗೆ ಅಂಟಿಸಿದ್ದೆ. ಮರ ಶಾಖ ಬಿಡಲ್ಲ ನೋಡಿ, ಅಂಟು ಕರಗಿ ಒಂದು ಬೆಳಿಗ್ಗೆ ಇಡೀ ಮಾಲೆ ಕೊತ್ತಂಬರಿ ಮೇಲೆ ಬಿದ್ದಿತ್ತು. ಅಲ್ಯೂಮಿನಿಯಂ ಕಿಟಕಿ ಮಾಡೋ ಅಂಗಡೀಲಿ ತುಂಡು ಚಾನೆಲ್ ಕೇಳಿ, ತೂಕದ ಲೆಕ್ಕದಲ್ಲಿ ಕೊಡ್ತಾರೆ. ಸ್ಟ್ರಿಪ್ಪಿನ ಎರಡೂ ತುದಿಗೆ ಕರೆಂಟು ಕೊಡಿ, ಇಲ್ಲಾಂದ್ರೆ ಕೊನೆ ಮಂಕಾಗುತ್ತೆ.

ಹುಬ್ಬಳ್ಳಿಯಿಂದ:
ಇಷ್ಟೆಲ್ಲಾ ಗೊಡವೆ ಯಾಕ್ರಿ? 20 ವ್ಯಾಟಿನ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನಂಥಾ ಉದ್ದ ದೀಪ) ಎರಡು ತಂದು ಶೆಲ್ಫಿನ ಕೆಳಗ ಹೊಡೀರಿ. ಎತ್ತರ ಭಾಳ ಮುಖ್ಯ. ನಾ ಎರಡು ಅಡಿ ಮ್ಯಾಲ ಕಟ್ಟಿದ್ದೆ, ಕೊತ್ತಂಬರಿ ದಾರದ್ಹಂಗ ಉದ್ದಾಗಿ ಅಡ್ಡ ಮಲಗ್ತು. ಒಂದು ಗೇಣಿಗೆ ಇಳಿಸಿದ ಮ್ಯಾಲ ಮುಂದಿನ ಬೀಜ ಗಟ್ಟಿಯಾಗಿ ಎದ್ವು. ಟೈಮರ್ ಹಾಕಿ 14 ತಾಸು ಇಡ್ರಿ.

ಒಂದು ಮಾತು: ಬೆಳಕು ಜಾಸ್ತಿ ಬರ್ತದಂತ ಬಲ್ಬಿನ ಬಿಳಿ ಟೊಪ್ಪಿಗಿ ತೆಗೀಬ್ಯಾಡ್ರಿ. ಎಷ್ಟೋ ಬಲ್ಬಿನ್ಯಾಗ ಒಳಗಿನ ಚಿಪ್ಪಿಗೆ ಮನೀ ಲೈನೇ ನೇರ ಇರ್ತದ. ನೀರು ಹಾಕೋ ಕೈ ತಾಗಿದ್ರ ಮುಗೀತು.

ಅಮೆರಿಕದ ಮಿನೆಸೋಟದಿಂದ:
ನಮ್ಮದು ಕರಿಬೇವು. ಚಳಿಗಾಲದಲ್ಲಿ ಇದೇ ಥರ ಬಿಳಿ ಟ್ಯೂಬ್ ಕೆಳಗಿಟ್ಟೆ, ಆದ್ರೂ ಎಲೆಯೆಲ್ಲಾ ಉದುರ್ತು. ಬೆಳಕಿನ ತಪ್ಪಲ್ಲ, ಕುಂಡ ಇದ್ದದ್ದು ಕಿಟಕಿ ಕಟ್ಟೆ ಮೇಲೆ, ಬೇರಿಗೆ ಥಂಡಿ. ಒಳಗೆ ಎಳೆದಿಟ್ಟೆ, ನೀರು ಕಮ್ಮಿ ಮಾಡ್ದೆ, ಫೆಬ್ರವರೀಲಿ ಚಿಗುರು ಬಂತು.

ಕೇಳಿದವರು:
ಹಾಗಾದ್ರೆ ಬ್ಯಾಟನ್ನೇ ತರ್ತೀನಿ. ಸ್ಟ್ರಿಪ್ ಆಗಲೇ ಆರ್ಡರ್ ಮಾಡಿದ್ದೆ, ಅದು ದೇವರ ಮನೆಗೆ.