ಶಿವರಾತ್ರಿ ಗದ್ದಲವಿಲ್ಲದೆ ಧರ್ಮಸ್ಥಳಕ್ಕೆ ನಡೆಯುವುದು ಹೇಗೆ?

ಕೇಳಿದ್ದು: ನಾನು, ಅಮ್ಮ ಜನವರಿಯಲ್ಲಿ ಹಾಸನದಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡಬೇಕು ಅಂದುಕೊಂಡಿದ್ದೇವೆ. ಬೇಲೂರು, ಮೂಡಿಗೆರೆ, ಚಾರ್ಮಾಡಿ ದಾರಿ. ಶಿವರಾತ್ರಿಯ ಜನಜಂಗುಳಿ ಅಮ್ಮನಿಗೆ ಆಗುವುದಿಲ್ಲ. ನಡೆದವರು ಏನಾದರೂ ಹೇಳಿ.

ಬೇಲೂರಿನವರು: ಶಿವರಾತ್ರಿಗಾದರೆ ಬರಿಗೈಲಿ ಹೊರಟರೂ ನಡೆಯುತ್ತದೆ. ದಾರಿಯುದ್ದಕ್ಕೂ ಶಾಮಿಯಾನ, ಮಜ್ಜಿಗೆ, ಊಟ, ಮಲಗಲು ಜಾಗ. ಜನವರಿಯಲ್ಲಿ ಇದ್ಯಾವುದೂ ಇರುವುದಿಲ್ಲ. ಹಾಗಾಗಿ ಕಿಲೋಮೀಟರ್ ಲೆಕ್ಕ ಆಮೇಲೆ, ಮೊದಲು ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಗೊತ್ತು ಮಾಡಿಕೊಳ್ಳಿ. ಬೇಲೂರು, ಮೂಡಿಗೆರೆಯಲ್ಲಿ ಲಾಡ್ಜ್ ಇವೆ. ನಡುವೆ ಅಮ್ಮ ಸುಸ್ತಾದರೆ ಬಸ್ ಹತ್ತಿ ಮುಂದಿನ ಊರಲ್ಲಿ ಮಲಗಿ, ಬೆಳಿಗ್ಗೆ ವಾಪಸ್ ಬಂದು ನಿಲ್ಲಿಸಿದ ಕಡೆಯಿಂದಲೇ ನಡೆಯಿರಿ. ಮಂಜುನಾಥ ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ ಬಿಡಿ.

ಮೂಡಿಗೆರೆ ಕಡೆಯವರು: ಕತ್ತಲಲ್ಲಿ ಮಾತ್ರ ನಡೆಯಬೇಡಿ. ಶಿವರಾತ್ರಿಯಲ್ಲಿ ರಾತ್ರಿಯೂ ನಡೆಯುತ್ತಾರಲ್ಲ, ಅದು ಗುಂಪಿನ ಧೈರ್ಯ. ನಮ್ಮ ಕಡೆ ಆನೆ ಕಾಟ ಇದೆ, ಬೆಳಗಿನ ಜಾವ ಮಂಜು ಬೇರೆ. ಬೆಳಕು ಹರಿದ ಮೇಲೆ ಹೊರಡಿ. ಅದು ಕಾಫಿ ಕೊಯ್ಲಿನ ಕಾಲ, ತೋಟದ ಕೆಲಸಕ್ಕೆ ಹೋಗುವವರು ಸಿಗುತ್ತಾರೆ. ಆನೆ ಎಲ್ಲಿದೆ ಅಂತ ಅವರನ್ನೇ ಕೇಳಿ.

ಘಾಟಿ ಇಳಿದವರೊಬ್ಬರು: ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು, ನೀರು ತುಂಬಿಸಿಕೊಂಡೇ ಮುಂದೆ ಹೋಗಿ. ಅಲ್ಲಿಂದ ಚಾರ್ಮಾಡಿ ಊರಿಗೆ 20 ಕಿಮೀಗೂ ಜಾಸ್ತಿ. ನಡುವೆ ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಕೂತು ಸುಧಾರಿಸಿಕೊಳ್ಳಬಹುದು. ಇಳಿಜಾರು ಸುಲಭ ಅನ್ನಿಸುತ್ತದೆ ಅಲ್ವಾ? ಮಂಡಿ ಹಿಡಿದುಕೊಳ್ಳುವುದೇ ಅಲ್ಲಿ. ಹೆಬ್ಬೆರಳು ಶೂ ತುದಿಗೆ ಒತ್ತಿ ಉಗುರು ಕಪ್ಪಾಗುತ್ತದೆ. ಹೊರಡುವ ಮುಂಚೆ ಉಗುರು ಕತ್ತರಿಸಿ, ಹಳೇ ಶೂ ಹಾಕಿ, ಅಮ್ಮನಿಗೊಂದು ಕೋಲು ಕೊಡಿ. ಎದುರಿಗೆ ಬರುವ ವಾಹನ ಕಾಣುವಂತೆ ಬಲಬದಿಯಲ್ಲೇ ನಡೆಯಿರಿ. ಬಲಕ್ಕೆ ತಿರುಗುವ ಕುರುಡು ತಿರುವು ಬಂದಾಗ ಮಾತ್ರ ಮೊದಲೇ ಎಡಕ್ಕೆ ದಾಟಿಕೊಳ್ಳಿ, ಇಲ್ಲದಿದ್ದರೆ ಡ್ರೈವರ್‌ಗೆ ನೀವು ಕಾಣುವುದಿಲ್ಲ. ಕೈಯಲ್ಲಿ ತಿಂಡಿ ಹಿಡಿದು ನಡೆಯಬೇಡಿ, ಕೋತಿಗಳು ಬಿಡುವುದಿಲ್ಲ. ಬಹಳ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಮನೆಗೆ ಮೊದಲೇ ಹೇಳಿಡಿ.

ಉಜಿರೆಯವರು: ಕೆಳಗೆ ಇಳಿದ ಮೇಲೆ ಸೆಕೆ. ಸ್ವೆಟರ್ ಸುಮ್ನೆ ಭಾರ, ತೆಳು ಹತ್ತಿ ಬಟ್ಟೆ ತನ್ನಿ. ಕಕ್ಕಿಂಜೆ, ಮುಂಡಾಜೆ ದಾಟಿ ಉಜಿರೆ. ಇಲ್ಲಿ ಉಳಿದುಕೊಳ್ಳಿ. ಮರುದಿನ ಉಳಿಯುವುದು 9 ಕಿಮೀ ಆಸುಪಾಸು. ಬೆಳಿಗ್ಗೆಯೇ ನೇತ್ರಾವತಿಯಲ್ಲಿ ಸ್ನಾನ ಮಾಡಿ, ದರ್ಶನ ಮುಗಿಸಿ, ಅನ್ನಪೂರ್ಣದಲ್ಲಿ ಊಟ ಮಾಡಿಕೊಂಡು ಹಾಸನದ ಬಸ್ ಹತ್ತಬಹುದು. ಶನಿವಾರ, ಭಾನುವಾರ ಬೇಡ, ಆ ದಿನಗಳಲ್ಲಿ ಇಲ್ಲೂ ಜನವೋ ಜನ.