14 ವಾರ ಎತ್ತರದಲ್ಲಿ ಓಡಿದರೂ ಟೈಮ್ ಹಿಂದೆ ಬಿತ್ತು, ಬಾಡಿಗೆ ಕಡಿಮೆ ಇರುವ ಬೇರೆ ಊರು ಹೇಳಿ

ಓಟದಹುಚ್ಚ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ನನ್ನ ಕೆಲಸ ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ, ಎಲ್ಲಿ ಕೂತರೂ ಆಗುತ್ತದೆ. ಎತ್ತರದಲ್ಲಿ ಓಡಿದರೆ ಕೆಳಗೆ ಬಂದಾಗ ವೇಗ ಹೆಚ್ಚುತ್ತೆ ಅಂತ ಓದಿದ್ದೆ, ಹಾಗಾಗಿ 2,350 ಮೀಟರ್ ಎತ್ತರದ ಒಂದು ಊರು ಹುಡುಕಿ ಬಂದೆ. 14 ವಾರ ಆಯಿತು. ವಾರಕ್ಕೆ 6 ದಿನ ಓಟ, ಒಟ್ಟು 90ರಿಂದ 100 ಕಿಲೋಮೀಟರ್. ಬರುವ ಮುಂಚೆ 10 ಕಿಲೋಮೀಟರಿಗೆ 38:40 ಇತ್ತು. ಹೋದ ಭಾನುವಾರ ಸಮುದ್ರಮಟ್ಟದಲ್ಲಿ ರೇಸ್ ಓಡಿದೆ, 39:25. ಎಲ್ಲರೂ ಬೆಟ್ಟದಿಂದ ಹಾರಿಕೊಂಡು ಇಳಿಯುತ್ತಾರಂತೆ, ನಾನು ಮಾತ್ರ ತೆವಳಿಕೊಂಡು ಇಳಿದೆ.

ಊರೇ ಸರಿಯಿಲ್ಲ ಅನ್ನಿಸುತ್ತಿದೆ. ಇನ್ನೂ 6 ತಿಂಗಳು ಸಮಯ ಇದೆ. ಬಾಡಿಗೆ ಕಡಿಮೆ, ಇಂಟರ್ನೆಟ್ ಚೆನ್ನಾಗಿ, ಎತ್ತರ ಸರಿಯಾಗಿ ಇರುವ ಜಾಗ ಯಾವುದು? ಈಗಿರುವ ಊರಿನ ಹೆಸರು ಬೇಕಂತಲೇ ಹೇಳುತ್ತಿಲ್ಲ, ಹೇಳಿದರೆ ಅದರ ಮೇಲೇ ಜಗಳ ಶುರುವಾಗುತ್ತೆ. ಶೂ, ಪ್ಲಾನ್, ನಿದ್ದೆ ಎಲ್ಲ ಸರಿ ಇದೆ. ಅದನ್ನು ಕೇಳಬೇಡಿ.

ಕಬ್ಬಿಣದಕಡಲೆ
ಫೆರಿಟಿನ್ ಎಷ್ಟು?

ಓಟದಹುಚ್ಚ
ಹಿಮೋಗ್ಲೋಬಿನ್ 14.8. ಚೆನ್ನಾಗಿದೆ ಅಂದರು.

ಕಬ್ಬಿಣದಕಡಲೆ
ನಾನು ಕೇಳಿದ್ದು ಹಿಮೋಗ್ಲೋಬಿನ್ ಅಲ್ಲ ಸ್ವಾಮಿ. ಹಿಮೋಗ್ಲೋಬಿನ್ ಅಂದರೆ ಜೇಬಲ್ಲಿರುವ ದುಡ್ಡು, ಫೆರಿಟಿನ್ ಅಂದರೆ ಪೆಟ್ಟಿಗೆಯಲ್ಲಿರುವ ದುಡ್ಡು, ಮೈ ಕೂಡಿಟ್ಟ ಕಬ್ಬಿಣದ ಲೆಕ್ಕ. ಮೇಲೆ ಹೋದ ಮೊದಲ ದಿನವೇ ಮೂತ್ರಪಿಂಡದಿಂದ ಇಪಿಒ ಅನ್ನೋ ಹಾರ್ಮೋನ್ ಜಾಸ್ತಿ ಬರುತ್ತದೆ. ಅದು ಮೂಳೆಮಜ್ಜೆಗೆ ಕೆಂಪು ರಕ್ತಕಣ ಮಾಡು ಅನ್ನುತ್ತದೆ. ಕಬ್ಬಿಣವೇ ಇಲ್ಲದಿದ್ದರೆ ಯಾವುದರಿಂದ ಮಾಡಬೇಕು? ನೂಲಿಲ್ಲದೆ ನೇಯಿ ಅಂದ ಹಾಗಾಯಿತು. ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಊರು ಬದಲಿಸಿ ಏನೂ ಸುಖ ಇಲ್ಲ. ಟೆಸ್ಟ್ ಮಾಡಿಸಿ ಬನ್ನಿ, ಆಮೇಲೆ ಮಾತು.

ಇನ್ನೊಂದು. ಮೇಲೆ ಹೋದ ಹೊಸತರಲ್ಲಿ ರಕ್ತದ ನೀರಿನ ಅಂಶ ಇಳಿಯುತ್ತೆ. ಆಗ ಹಿಮೋಗ್ಲೋಬಿನ್ ಸಂಖ್ಯೆ ಸುಮ್ನೆ ಏರಿದ ಹಾಗೆ ಕಾಣುತ್ತೆ. ಅದನ್ನು ನೋಡಿ ಖುಷಿಪಡಬೇಡಿ.

ದಾರಿಹೋಕ
ಕಬ್ಬಿಣ ಆಮೇಲೆ ನೋಡೋಣ, ಅವರು ಕೇಳಿದ್ದು ಊರು.

ಕೀನ್ಯಾದ ಇಟೆನ್, ಸುಮಾರು 2,400 ಮೀಟರ್. ನಾನು 7 ವಾರ ಇದ್ದೆ. ಕ್ಯಾಂಪ್‌ಗಳ ಪ್ಯಾಕೇಜ್ ತಗೊಂಡರೆ ದುಬಾರಿ, ತಿಂಗಳ ಲೆಕ್ಕದಲ್ಲಿ ಯಾರದಾದರೂ ಮನೆಯಲ್ಲಿ ಒಂದು ರೂಮ್ ಹಿಡಿದರೆ ಬಹಳ ಕಡಿಮೆ. ಕೆಂಪು ಮಣ್ಣಿನ ರಸ್ತೆ, ಕಾಲಿಗೆ ಹಿತ. ಆದರೆ ಸಮತಟ್ಟು ಅನ್ನೋದು ಮರೆತುಬಿಡಿ. ಮಳೆ ಬಂದರೆ ಒಂದೊಂದು ಶೂಗೂ ಅರ್ಧ ಕೆಜಿ ಮಣ್ಣು ಮೆತ್ತಿಕೊಳ್ಳುತ್ತೆ. ಬೆಳಿಗ್ಗೆ 6ಕ್ಕೆ ಗುಂಪು ಹೊರಡುತ್ತೆ, "ನಿಧಾನ" ಅಂತಾರೆ, ಮೂರನೇ ಕಿಲೋಮೀಟರಿಗೆ ನಾನೊಬ್ಬನೇ ಉಳಿದಿರುತ್ತಿದ್ದೆ.

ಇಥಿಯೋಪಿಯಾದ ಅಡಿಸ್ ಅಬಾಬಾ ಕೂಡ ಹೆಚ್ಚುಕಡಿಮೆ ಅಷ್ಟೇ ಎತ್ತರ. ಊರೊಳಗೆ ಹೊಗೆ, ಟ್ರಾಫಿಕ್. ಓಡುವವರು ಗಾಡಿ ಹತ್ತಿ ಸುಲುಲ್ಟಾಗೋ ಎಂಟೋಟೋ ಗುಡ್ಡಕ್ಕೋ ಹೋಗುತ್ತಾರೆ. ಆ ಖರ್ಚು, ಆ ಸಮಯ ಲೆಕ್ಕ ಹಾಕಿ.

ಯುರೋಪಿನ ಫಾಂ ರೊಮ್ಯು, ಸೇಂಟ್ ಮೊರಿಟ್ಜ್, ಲಿವಿನ್ಯೋ ಮೂರೂ 1,800 ಚಿಲ್ಲರೆ. ಸ್ಕೀಯಿಂಗ್ ಊರುಗಳು, ಸೀಸನ್‌ನಲ್ಲಿ ಬಾಡಿಗೆ ಕೇಳಿದರೇ ಉಸಿರು ಕಟ್ಟುತ್ತೆ, ಅದಕ್ಕೆ ಎತ್ತರವೇ ಬೇಕಿಲ್ಲ. ಎರಡು ಸೀಸನ್ ನಡುವೆ ಖಾಲಿ ಇರುವಾಗ ಕೇಳಿ. ಮೂರೂ ಯುರೋಪಿನ ಒಂದೇ ವೀಸಾ ವಲಯವಾದ ಷೆಂಗೆನ್ ಒಳಗೆ ಬರುತ್ತವೆ, ಹೊರಗಿನವರಿಗೆ 180 ದಿನದಲ್ಲಿ 90 ದಿನ ಮಾತ್ರ.

ದಕ್ಷಿಣ ಅಮೆರಿಕ ಯಾಕೋ ಯಾರೂ ಹೇಳಲ್ಲ. ಈಕ್ವೆಡಾರ್‌ನ ಕ್ವೆಂಕಾ 2,550, ಕೊಲಂಬಿಯಾದ ಪೈಪಾ 2,500ರ ಹತ್ತಿರ. 1996ರ ಒಲಿಂಪಿಕ್ಸ್‌ನಲ್ಲಿ 20 ಕಿಲೋಮೀಟರ್ ನಡಿಗೆಯ ಚಿನ್ನ ಗೆದ್ದ ಜೆಫರ್ಸನ್ ಪೆರೆಸ್ ಕ್ವೆಂಕಾದವರೇ.

ಟೆಂಟ್‌ವಾಸಿ
ಇಷ್ಟೆಲ್ಲ ಯಾಕೆ? ನನ್ನ ಮಂಚದ ಮೇಲೆ ಹೈಪಾಕ್ಸಿಕ್ ಟೆಂಟ್ ಇದೆ, ಅಂದರೆ ಒಳಗೆ ಬೆಟ್ಟದ ಮೇಲಿನ ಹಾಗೆ ಆಕ್ಸಿಜನ್ ಕಡಿಮೆ ಮಾಡುವ ಟೆಂಟ್. ಜನರೇಟರ್ ಹಾಲ್‌ನಲ್ಲಿ, ಪೈಪ್ ಬಾಗಿಲ ಸಂದಿಯಿಂದ ಒಳಗೆ. ಆಕ್ಸಿಜನ್ ಮೀಟರ್ ಎರಡು, ಒಂದು ಕೆಟ್ಟರೆ ಇನ್ನೊಂದು. ಒಳಗೆ ಒಂದು ಪುಟ್ಟ ಫ್ಯಾನ್ ಕೂಡ ಸೇರಿಸಿದ್ದೇನೆ. ಫೋಟೋ ಬೇಕಾದರೆ ಹಾಕುತ್ತೇನೆ. 2,700 ಮೀಟರಿಗೆ ಸೆಟ್ ಮಾಡಿ ಮಲಗಿದರೆ ಆಯಿತು, ವೀಸಾ ಬೇಡ.

ಮೊಣಕಾಲ್ನೋವು
ಮನೆಯವರು ಎಲ್ಲಿ ಮಲಗುತ್ತಾರೆ ಸರ್?

ಟೆಂಟ್‌ವಾಸಿ
ಪಕ್ಕದ ರೂಮಲ್ಲಿ. ಸದ್ದಿಗೆ ಅಭ್ಯಾಸ ಆಗಬೇಕು ಅಷ್ಟೇ.

ಗುಡ್ಡಗಾಡು
ಇಟೆನ್ ಇಟೆನ್ ಅಂತ ಎಲ್ಲರೂ ಓಡಿಹೋಗೋದು ನೋಡಿದರೆ ನಗು ಬರುತ್ತೆ. ಅಲ್ಲಿನವರು ಹುಟ್ಟಿದಾಗಿನಿಂದ ಮೇಲಿದ್ದಾರೆ. ನಾವು 3 ತಿಂಗಳು ಹೋಗಿ ಬಂದರೆ ಅವರಾಗುತ್ತೀವಾ? 1968ರಲ್ಲಿ 2,240 ಮೀಟರಿನ ಮೆಕ್ಸಿಕೋ ಸಿಟಿಯಲ್ಲಿ ಕೀನ್ಯಾದ ಕಿಪ್ ಕೇನೊ 1,500 ಮೀಟರ್ 3:34.9ಕ್ಕೆ ಓಡಿದರು. ಅದೇ ಒಲಿಂಪಿಕ್ಸ್‌ನಲ್ಲಿ ಸಮುದ್ರಮಟ್ಟದಲ್ಲಿ ಬೆಳೆದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ 10,000 ಮೀಟರ್ ಮುಗಿಸಿ ಕುಸಿದು ಬಿದ್ದರು. ಹುಟ್ಟಿದ ಜಾಗದ ವ್ಯತ್ಯಾಸ, ಅಷ್ಟೇ.

ದಾರಿಹೋಕ
ಅವರಾಗಬೇಕು ಅಂತ ಯಾರು ಅಂದರು ಮಾರಾಯ್ರೇ? 38 ನಿಮಿಷದ ಓಟಗಾರ 37 ಆಗಬೇಕು ಅಂತಿದ್ದಾರೆ. ನೀವು ಕೇನೊವರೆಗೆ ಹೋದಿರಿ.

ಗುಡ್ಡಗಾಡು
ನಾನು ಹೇಳಿದ್ದರಲ್ಲಿ ತಪ್ಪೇನಿದೆ ಹೇಳಿ.

ದಾರಿಹೋಕ
ತಪ್ಪಿಲ್ಲ. ಈ ಪ್ರಶ್ನೆಗೆ ಉತ್ತರ ಅಲ್ಲ.

ಓಟದಹುಚ್ಚ
ಟೆಸ್ಟ್ ಮಾಡಿಸಿದೆ. ಫೆರಿಟಿನ್ 64.

ಕಬ್ಬಿಣದಕಡಲೆ
ಯಾವ ಹೊತ್ತಿಗೆ ರಕ್ತ ಕೊಟ್ಟಿರಿ? ಹಿಂದಿನ ದಿನ ಗಟ್ಟಿ ಓಟ ಇತ್ತಾ? ಮೈಯಲ್ಲಿ ಉರಿಯೂತ ಇದ್ದರೂ ಫೆರಿಟಿನ್ ಜಾಸ್ತಿ ತೋರಿಸುತ್ತೆ. ಸುಳ್ಳು 64 ಇರಬಹುದು. ಎರಡು ದಿನ ಆರಾಮ ಮಾಡಿ ಮತ್ತೊಮ್ಮೆ ಮಾಡಿಸಿ. ಅಲ್ಲಿವರೆಗೆ ದಿನ ಬಿಟ್ಟು ದಿನ ಒಂದು ಮಾತ್ರೆ, ಕಾಫಿ ಟೀ ಜೊತೆ ಬೇಡ.

ನಿಧಾನವೇಪ್ರಧಾನ
ದಯವಿಟ್ಟು 64 ಇರುವವರಿಗೆ ಮಾತ್ರೆ ಹೇಳಬೇಡಿ. ಮೈಗೆ ಹೆಚ್ಚಾದ ಕಬ್ಬಿಣವನ್ನು ಹೊರಗೆ ಹಾಕುವ ದಾರಿ ಇಲ್ಲ. ಡಾಕ್ಟರ್ ಹೇಳಿದರೆ ಮಾತ್ರ.

ಓಟದಹುಚ್ಚ
ಮತ್ತೆ ಟೆಸ್ಟ್ ಮಾಡಿಸಲ್ಲ. ಅಲ್ಲಾ, ನಾನು ಕೇಳಿದ್ದೇನು, ನೀವು ಹೇಳುತ್ತಿರುವುದೇನು! ಈ ಊರಲ್ಲಿ ಒಂದೂ ನೆಟ್ಟಗಿಲ್ಲ. ಗಾಳಿ ಒಣ, ದಿನಾ 2 ಲೀಟರ್ ನೀರು ಓಟದ ಜಾಗದಲ್ಲೇ ಖಾಲಿ. ಬಾಟಲಿ ಸಹ ಕಳಪೆ. ಕುಡಿದು ಮುಚ್ಚಳ ಗಟ್ಟಿ ತಿರುಗಿಸಿ ಬ್ಯಾಗಿಗೆ ಹಾಕಿದರೆ ಮನೆಗೆ ಬರುವಷ್ಟರಲ್ಲಿ ಹೊಟ್ಟೆ ಒಳಗೆ ಹೋಗಿ ಚಪ್ಪಟೆಯಾಗಿರುತ್ತೆ. ಮೂರು ಕಂಪನಿಯದು ನೋಡಿದೆ, ಎಲ್ಲ ಒಂದೇ. ಯಾರಾದರೂ ಗಟ್ಟಿ ಬಾಟಲಿ ಹೇಳಿ.

ಟೆಂಟ್‌ವಾಸಿ
ಸ್ಟೀಲ್ ತಗೊಳ್ಳಿ. ನನ್ನ ಹತ್ತಿರ 4 ಇವೆ. ಒಂದು 9 ವರ್ಷ ಹಳೆಯದು, ಮುಚ್ಚಳದ ರಬ್ಬರ್ ಕೂಡ ಇನ್ನೂ ಹಾಗೇ ಇದೆ.

ಮೊಣಕಾಲ್ನೋವು
ಸ್ಟೀಲ್ ಭಾರ ಸರ್. ಸೊಂಟಕ್ಕೆ ಕಟ್ಟುವ ಮೆತ್ತನೆ ಫ್ಲಾಸ್ಕ್ ಒಳ್ಳೆಯದು.

ನಿಧಾನವೇಪ್ರಧಾನ
ಒಂದು ನಿಮಿಷ. ಬಾಟಲಿ ಪಕ್ಕಕ್ಕಿಡಿ, ಅಲ್ಲ, ಬಾಟಲಿಯನ್ನೇ ನೋಡೋಣ.

ಮುಚ್ಚಿದ ಖಾಲಿ ಬಾಟಲಿ ತಾನಾಗೇ ಚಪ್ಪಟೆಯಾಗಬೇಕಾದರೆ ಹೊರಗಿನ ಗಾಳಿಯ ಒತ್ತಡ ಜಾಸ್ತಿ ಆಗಿರಬೇಕು. ಅಂದರೆ ನೀವು ಮುಚ್ಚಿದ ಜಾಗಕ್ಕಿಂತ ಮನೆ ಕೆಳಗಿದೆ. ಹತ್ತಿಪ್ಪತ್ತು ಮೀಟರ್ ಇಳಿದರೆ ಅದು ಗೊತ್ತಾಗುವುದೂ ಇಲ್ಲ. ನಿಮ್ಮ ಮನೆ ಎಲ್ಲಿದೆ? ಎಷ್ಟು ಎತ್ತರದಲ್ಲಿ ಮಲಗುತ್ತೀರಿ?

ಓಟದಹುಚ್ಚ
ಮನೆ ಊರಿನಿಂದ ಸ್ವಲ್ಪ ಕೆಳಗೆ. ಮೇಲೆ ಬಾಡಿಗೆ ಎರಡರಷ್ಟು, ಅದಕ್ಕೇ. ಬೆಳಿಗ್ಗೆ 5:40ಕ್ಕೆ ಬಸ್ಸು, 50 ನಿಮಿಷ, ಬರೀ ತಿರುವು. ಮೇಲೆ ಹೋಗಿ ಓಡಿ 10 ಗಂಟೆಯೊಳಗೆ ವಾಪಸ್ ಬಂದು ಕೆಲಸಕ್ಕೆ ಕೂರುತ್ತೇನೆ. ವಾಚ್ ನೋಡಿದೆ, ಮನೆಯಲ್ಲಿ 1,260 ತೋರಿಸುತ್ತಿದೆ. ಅದರಿಂದ ಏನು ವ್ಯತ್ಯಾಸ? ಓಟ ಪೂರ್ತಿ ಮೇಲೇ ಅಲ್ವಾ?

ದಾರಿಹೋಕ
ಅಯ್ಯೋ ಶಿವನೇ.

ನಿಧಾನವೇಪ್ರಧಾನ
ಸರ್, ಮೇಲೆ ವಾಸ ಮಾಡು, ಗಟ್ಟಿ ಓಟ ಕೆಳಗೆ ಓಡು ಅನ್ನೋ ಪಾಠವನ್ನು ನೀವು ತಲೆಕೆಳಗಾಗಿ ಓದಿದ್ದೀರಿ. ಕೋಪ ಮಾಡ್ಕೋಬೇಡಿ.

2,350ರಲ್ಲಿ ಗಾಳಿಯ ಒತ್ತಡ ಸುಮಾರು 760 ಹೆಕ್ಟೊಪಾಸ್ಕಲ್, 1,260ರಲ್ಲಿ ಸುಮಾರು 870. ಅದಕ್ಕೇ ಬಾಟಲಿಯೊಳಗಿನ ಗಾಳಿ ಹೆಚ್ಚುಕಡಿಮೆ ಎಂಟನೇ ಒಂದು ಭಾಗ ಕುಗ್ಗುತ್ತೆ. ಕಂಪನಿ ಬದಲಿಸಿ ಪ್ರಯೋಜನ ಇಲ್ಲ.

ಮೈ ರಕ್ತ ಹೆಚ್ಚಿಸಿಕೊಳ್ಳುವುದು ಓಡುವಾಗ ಅಲ್ಲ, ಮೇಲೆ ಸುಮ್ನೆ ಇದ್ದಾಗ. ಗಂಟೆ ಲೆಕ್ಕ ಮುಖ್ಯ. ಸಾಮಾನ್ಯವಾಗಿ 100 ಗಂಟೆಗೆ ಹಿಮೋಗ್ಲೋಬಿನ್ನಿನ ಒಟ್ಟು ತೂಕ ಸುಮಾರು 1% ಏರುತ್ತೆ ಅನ್ನುತ್ತಾರೆ. ಮೇಲೇ ವಾಸ ಮಾಡುವವನಿಗೆ 3 ವಾರದಲ್ಲಿ 400 ಗಂಟೆ ದಾಟುತ್ತೆ. ನೀವು ದಿನಕ್ಕೆ ಎರಡೂವರೆ ಗಂಟೆ ಇದ್ದು ಇಳಿದುಬಿಡುತ್ತೀರಿ. 14 ವಾರ ಸೇರಿಸಿದರೂ 210 ಗಂಟೆ, ಅದೂ ಚೂರು ಚೂರಾಗಿ. ಇಪಿಒ ಏಳುವ ಹೊತ್ತಿಗೆ ನೀವು ಬಸ್ಸಿನಲ್ಲಿ.

ಇನ್ನೊಂದು ಕಡೆ, ಗಟ್ಟಿ ಓಟವೆಲ್ಲ ಆಕ್ಸಿಜನ್ ಕಡಿಮೆ ಇರುವಲ್ಲಿ ಮಾಡಿದ್ದೀರಿ. 1,000 ಮೀಟರ್ ರಿಪೀಟ್, ಅಂದರೆ ನಡುವೆ ಸುಧಾರಿಸಿಕೊಂಡು ಮತ್ತೆ ಮತ್ತೆ ಓಡುವುದು, ಎಷ್ಟಕ್ಕೆ ಓಡುತ್ತಿದ್ದಿರಿ?

ಓಟದಹುಚ್ಚ
3:58. ಮುಂಚೆ 3:40 ಇತ್ತು. ಎತ್ತರ ಅಲ್ವಾ, ಇಷ್ಟೇ ಅಂದುಕೊಂಡೆ.

ನಿಧಾನವೇಪ್ರಧಾನ
14 ವಾರ ಕಾಲಿಗೆ 3:58 ಕಲಿಸಿದ್ದೀರಿ, ಅದು ಕಲಿತಿದೆ. 1997ರಲ್ಲಿ ಲೆವಿನ್ ಮತ್ತು ಸ್ಟ್ರೇ-ಗುಂಡರ್ಸನ್ ಮಾಡಿದ ಅಧ್ಯಯನದಲ್ಲಿ 2,500 ಮೀಟರಿನಲ್ಲಿ ವಾಸ ಮಾಡಿ 1,250ಕ್ಕೆ ಇಳಿದು ತರಬೇತಿ ಮಾಡಿದ ಗುಂಪು 4 ವಾರದಲ್ಲಿ 5,000 ಮೀಟರ್ ಓಟವನ್ನು 13.4 ಸೆಕೆಂಡ್ ಬೇಗ ಮುಗಿಸಿತು. ಮೇಲೇ ಇದ್ದು ಮೇಲೇ ಓಡಿದವರಿಗೂ ರಕ್ತ ಏರಿತು, ಆದರೆ ಟೈಮ್ ಇಳಿಯಲಿಲ್ಲ. ನಿಮಗೆ ಆ ರಕ್ತವೂ ಇಲ್ಲ.

ತಮಾಷೆ ಏನು ಗೊತ್ತಾ? ಆ ಅಧ್ಯಯನದ ಎರಡೂ ಎತ್ತರ ನಿಮ್ಮ ಬಸ್ಸಿನ ಎರಡು ತುದಿಯ ಹತ್ತಿರವೇ ಇವೆ. ಅಮೆರಿಕದ ಫ್ಲ್ಯಾಗ್‌ಸ್ಟಾಫ್‌ನಲ್ಲಿ 2,100ರಲ್ಲಿ ಇರುವವರು ಇದೇ ಕಾರಣಕ್ಕೆ ವೇಗದ ಓಟಕ್ಕೆ ಸೆಡೋನಾ, ಕಾಟನ್‌ವುಡ್ ಕಡೆ ಇಳಿಯುತ್ತಾರೆ. ಅಲ್ಲಿನ ಬಾಡಿಗೆ ಕೇಳಿದ್ದೀರಾ? ನಿಮಗೆ ಅದು ಬಸ್ ಟಿಕೆಟ್ಟಿಗೆ ಸಿಗುತ್ತಿದೆ. ಬೇರೆ ಊರು ಬೇಡ. ಮೇಲೆ ಒಂದು ರೂಮ್ ಸಾಕು, ಅಡುಗೆಮನೆ ಹಂಚಿಕೊಂಡರೂ ಪರವಾಗಿಲ್ಲ. ವಾರಕ್ಕೆ ಎರಡು ದಿನ ಅದೇ ಬಸ್ಸು, ಉಲ್ಟಾ ದಿಕ್ಕು.

ಗುಡ್ಡಗಾಡು
ವಾಚ್‌ನ 1,260 ನಂಬಬೇಡಿ. ಬ್ಯಾರೋಮೀಟರ್ ಇರುವ ವಾಚ್ ಹವೆ ಬದಲಾದರೂ ಎತ್ತರ ಬದಲಾಯಿತು ಅನ್ನುತ್ತೆ. ನನ್ನದು ಮೋಡ ಬಂದರೆ 60 ಮೀಟರ್ ಏರುತ್ತೆ.

ದಾರಿಹೋಕ
60 ತಪ್ಪಿರಲಿ ಸರ್, 1,090 ತಪ್ಪಾಗುವಷ್ಟು ಮೋಡ ಎಲ್ಲೂ ಇಲ್ಲ.

ಓಟದಹುಚ್ಚ
ಮೂರು ದಿನ ಮುಖ ತೋರಿಸಲು ನಾಚಿಕೆಯಾಗಿ ಬರಲಿಲ್ಲ. ಒಂದು ಮಾತು ಹೇಳಿಬಿಡುತ್ತೇನೆ, "ನಿದ್ದೆ ಸರಿ ಇದೆ, ಕೇಳಬೇಡಿ" ಅಂದವನು ನಾನೇ. ಎಲ್ಲಿ ನಿದ್ದೆ ಅಂತ ಯಾರಾದರೂ ಕೇಳಬಹುದು ಅಂತ ಹೊಳೆಯಲೇ ಇಲ್ಲ.

ಕಬ್ಬಿಣದಕಡಲೆ
ಆದರೂ 6 ವಾರ ಬಿಟ್ಟು ಫೆರಿಟಿನ್ ನೋಡಿ. ಈಗ ನಿಜವಾಗಿ ಖರ್ಚಾಗಲು ಶುರುವಾಗುತ್ತೆ.

ನಿಧಾನವೇಪ್ರಧಾನ
ಇದನ್ನು ಒಪ್ಪುತ್ತೇನೆ.

ಓಟದಹುಚ್ಚ
ಮೇಲೆ ರೂಮ್ ಸಿಕ್ಕಿತು. ನಿವೃತ್ತರೊಬ್ಬರ ಮನೆಯ ಹಿಂದಿನ ಕೋಣೆ, ಸಣ್ಣದು, ಕಿಟಕಿ ಒಂದೇ. ಬಾಡಿಗೆ ಕೆಳಗಿನದಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ದಿನಾ ಬಸ್ ಖರ್ಚು ಕಳೆದರೆ ಹೆಚ್ಚುಕಡಿಮೆ ಸಮ. ಇವತ್ತಿಗೆ 9 ದಿನ. ಮೊದಲ ಮೂರು ರಾತ್ರಿ ಎರಡೆರಡು ಸಲ ಉಸಿರು ತಪ್ಪಿದ ಹಾಗಾಗಿ ಎಚ್ಚರ ಆಯಿತು. ಬೆಳಗಿನ ನಾಡಿ 52 ಇದ್ದದ್ದು 59ಕ್ಕೆ ಹೋಗಿ ಈಗ 55. ಮೊದಲ ವಾರ ಬರೀ ನಿಧಾನ ಓಟ.

ನಿನ್ನೆ ಕೆಳಗಿಳಿದು 1,000 ಮೀಟರ್ 5 ಸಲ ಓಡಿದೆ. ಮೊದಲನೆಯದು 3:47. ಕಾಲು ಎತ್ತಿದರೆ ಯಾರದೋ ಕಾಲು ಅನ್ನಿಸಿತು. ಕೊನೆಯದು 3:43. ಕೆಳಗೆ ಮುಚ್ಚಿದ ಬಾಟಲಿಯನ್ನು ಮೇಲೆ ಬಂದು ತೆರೆದರೆ ಚುಸ್ ಅಂತು.

ಟೆಂಟ್‌ವಾಸಿ
ಒಳ್ಳೆಯದಾಯಿತು. ಫೋಟೋ ಯಾರೂ ಕೇಳಲಿಲ್ಲ, ಆದರೂ ಹಾಕಿದ್ದೇನೆ, ಕೆಳಗೆ ನೋಡಿ. ಎಡಗಡೆ ಕಾಣುವುದು ಹೊಸ ಫಿಲ್ಟರ್.

ಬೆವರುಸಾಲೆ
ನಾನು ಹೊಸಬ. ಇದೇ ಸಮಸ್ಯೆ ನನಗೂ ಇದೆ, ಆದರೆ ಸೈಕಲ್. 1,900 ಮೀಟರಿನಲ್ಲಿ ಇದ್ದೇನೆ. ಇಲ್ಲೇ ಕೇಳಲಾ, ಬೇರೆ ಚರ್ಚೆ ತೆರೆಯಲಾ?

ಕಬ್ಬಿಣದಕಡಲೆ
ಇಲ್ಲೇ ಕೇಳಿ. ಫೆರಿಟಿನ್ ಎಷ್ಟು?